ಲಿಸ್ಬನ್ ಊರನ್ನು ನಡೆದೇ ನೋಡಿ, ಆದರೆ ಮೇಲಿಂದ ಕೆಳಕ್ಕೆ

ಸವೆದ ಚಪ್ಪಲಿ:

ಲಿಸ್ಬನ್‌ಗೆ ಹೊರಟವರು ಇಲ್ಲಿ ಬಂದು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಊರು ಚಿಕ್ಕದು ಅಂತಾರಲ್ಲ, ನಡೆದೇ ನೋಡಬಹುದಾ? ನೋಡಬಹುದು, ನೋಡಲೇಬೇಕು. ಆದರೆ ಮ್ಯಾಪ್ ತೋರಿಸುವ ಕಿಲೋಮೀಟರ್ ನಂಬಿ ಹೊರಡಬೇಡಿ. ಈ ಊರಲ್ಲಿ ದೂರಕ್ಕಿಂತ ಎತ್ತರ ಮುಖ್ಯ. ಮ್ಯಾಪಿನಲ್ಲಿ ಪಕ್ಕದ ಬೀದಿ ಅಂತ ಕಾಣುವುದು ನಿಮ್ಮ ತಲೆ ಮೇಲೆ ಸೇತುವೆಯಾಗಿ ಹಾದು ಹೋಗಿರುತ್ತದೆ. ಕೈಸ್ ದೊ ಸೊದ್ರೆ ಹತ್ತಿರ ರುವಾ ದೊ ಅಲೆಕ್ರಿಂ ಬೀದಿ ಹಾಗೇ ಇದೆ. ಕೆಳಗಿನ ಬೀದಿಯಲ್ಲಿ ನಿಂತವರು ಮೇಲಿನ ಬೀದಿಗೆ ಸೇರಬೇಕಾದರೆ ಸುತ್ತಿ ಹತ್ತಲೇಬೇಕು.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಹತ್ತುವುದಕ್ಕೆ ಯಂತ್ರ ಬಳಸಿ, ಇಳಿಯುವುದಕ್ಕೆ ಕಾಲು ಬಳಸಿ. ಗುಡ್ಡದ ಮೇಲಿನ ಸಾನ್ ಜಾರ್ಜ್ ಕೋಟೆಗೆ ಕೆಳಗಿನ ತಗ್ಗು ಬಡಾವಣೆ ಬೈಶಾದಿಂದ ನೇರ ಹತ್ತಿದರೆ ಕೋಟೆ ಬಾಗಿಲು ಮುಟ್ಟುವ ಹೊತ್ತಿಗೆ ಸುಸ್ತಾಗಿ ಏನೂ ನೋಡುವ ಮನಸ್ಸಿರುವುದಿಲ್ಲ. ಅದರ ಬದಲು ರುವಾ ದೊಸ್ ಫಾಂಕೆರೊಸ್ ಬೀದಿಯಲ್ಲಿ ಒಂದು ಮಾಮೂಲಿ ಕಟ್ಟಡದೊಳಗೆ ಪುಕ್ಕಟೆ ಲಿಫ್ಟ್ ಇದೆ, ಅದರಲ್ಲಿ ಮೇಲಿನ ರುವಾ ದಾ ಮಡಲೇನಾ ಬೀದಿಗೆ ಹೋಗಿ. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಹಳೇ ಮಾರುಕಟ್ಟೆ ಕಟ್ಟಡದಲ್ಲಿ ಇನ್ನೊಂದು ಲಿಫ್ಟ್. ಅದೂ ಪುಕ್ಕಟೆ. ಅದು ನಿಮ್ಮನ್ನು ಕೋಟೆಯ ಮಗ್ಗುಲಿಗೇ ಬಿಡುತ್ತದೆ. ಊರಿನವರು ತರಕಾರಿ ಚೀಲ ಹಿಡಿದು ಇದರಲ್ಲೇ ಓಡಾಡುತ್ತಾರೆ.

ಎದುರು ಗುಡ್ಡದ ಶಿಯಾದೊ ಬಡಾವಣೆಗೆ ಹತ್ತಲು ಇನ್ನೊಂದು ದಾರಿ. ಬೈಶಾ-ಶಿಯಾದೊ ಮೆಟ್ರೊ ನಿಲ್ದಾಣದ ಕೆಳಗಿನ ಬಾಗಿಲಲ್ಲಿ ಹೊಕ್ಕು, ಟಿಕೆಟ್ ಗೇಟ್ ದಾಟದೆ, ಎಸ್ಕಲೇಟರ್ ಹಿಡಿದು ಮೇಲೆ ಹೋದರೆ ಸೀದಾ 1905ರ ಬ್ರಸಿಲೇರಾ ಎಂಬ ಕಾಫಿ ಅಂಗಡಿ ಮುಂದೆ ಏಳುತ್ತೀರಿ. ಕವಿ ಪೆಸೋವಾ ಕಂಚಿನಲ್ಲಿ ಕೂತಿರುವುದು ಅಲ್ಲೇ. ಇನ್ನು ಸಾಂತಾ ಜುಸ್ತಾ ಎಂಬ 1902ರ ಕಬ್ಬಿಣದ ಲಿಫ್ಟ್ ಇದೆ, 45 ಮೀಟರ್ ಎತ್ತರ, ನೋಡಲು ತುಂಬಾ ಚೆಂದ. ಆದರೆ ಸಾಲು ಉದ್ದ. ಅದರ ಮೇಲ್ತುದಿಗೆ ಹಿಂದಿನ ಕಾರ್ಮೊ ಚೌಕದ ಕಡೆಯಿಂದ ನಡೆದೇ ಬರಬಹುದು. ಅಷ್ಟು ಹೊತ್ತು ಬಿಸಿಲಲ್ಲಿ ಯಾಕೆ ನಿಲ್ಲಬೇಕು?

ನಿಮ್ಮ ನಿಮ್ಮ ದಾರಿಗಳನ್ನೂ ಬರೆಯಿರಿ. ಮುಂದೆ ಹೋಗುವವರಿಗೆ ಒಂದೇ ಕಡೆ ಸಿಗಲಿ.

ಗಡಿಬಿಡಿ ಪ್ರವಾಸಿ:

ತುಂಬಾ ಉಪಯೋಗ ಆಯಿತು. ನಮಗೆ ಅಲ್ಲಿ ಸಿಗುವುದು ಎರಡೇ ದಿನ, ಆಮೇಲೆ ಸ್ಪೇನ್ ಕಡೆ ಹೋಗಬೇಕು. ಅಷ್ಟರಲ್ಲಿ ನಡೆದು ನೋಡ್ತೀವಿ ಅಂದರೆ ಅರ್ಧ ಊರು ತಪ್ಪಿ ಹೋಗುವುದಿಲ್ವಾ? 28ನೇ ನಂಬರ್ ಟ್ರಾಮ್ ಹತ್ತಿ ಕೂತರೆ ಹಳೇ ಊರೆಲ್ಲ ಸುತ್ತಿಸುತ್ತದೆ ಅಂತ ಓದಿದೆ. ಇಲ್ಲದಿದ್ದರೆ ಅಲ್ಲಿ ನಮ್ಮ ಆಟೊ ಥರದ ಟುಕ್‌ಟುಕ್ ಇವೆಯಂತೆ, ಅದನ್ನೇ ಮಾಡಿಕೊಂಡರೆ ಹೇಗೆ? ಬೆಲೆಂ, ಕೋಟೆ, ಆಲ್ಫಾಮಾ, ಸಾಧ್ಯವಾದರೆ ಊರಾಚೆಯ ಸಿಂತ್ರಾ. ಇಷ್ಟು ಪಟ್ಟಿ ಹಾಕಿದ್ದೇನೆ.

ತೇಜೊ ದಂಡೆ:

ನಾನು ಕೆಲಸಕ್ಕೆ ಅಂತ ಬಂದು ಇಲ್ಲೇ ನೆಲೆಸಿದವಳು, ಮನೆ ಗ್ರಾಸಾ ಗುಡ್ಡದ ಮೇಲಿದೆ. ಎರಡು ಮಾತು ಹೇಳಲೇಬೇಕು.

28ನೇ ಟ್ರಾಮ್ ಪ್ರವಾಸಿ ಗಾಡಿ ಅಲ್ಲ, ಊರಿನ ಸಾರಿಗೆ. 1930ರ ದಶಕದ ಮರದ ಡಬ್ಬಿಗಳು ಇವು. ಬೇರೆ ಉದ್ದದ ಟ್ರಾಮ್ ಈ ತಿರುವುಗಳಲ್ಲಿ ತಿರುಗುವುದಿಲ್ಲ, ಅದಕ್ಕೇ ಇವು ಇನ್ನೂ ಓಡುತ್ತಿವೆ. ನಮ್ಮ ಬೀದಿಯ ಅಜ್ಜಿಯರು ಆಸ್ಪತ್ರೆಗೆ, ಅಂಗಡಿಗೆ ಹೋಗುವುದು ಇದರಲ್ಲೇ. ಟ್ರಾಮ್ ಹೊರಡುವ ಮಾರ್ತಿಂ ಮೊನಿಜ್ ಚೌಕದಲ್ಲೇ ಪ್ರವಾಸಿಗರು ಹತ್ತಿ ಸೀಟು ತುಂಬಿಸಿಬಿಟ್ಟರೆ ಮಧ್ಯದ ನಿಲ್ದಾಣಗಳಲ್ಲಿ ಕಾದವರಿಗೆ ಕಾಲಿಡಲೂ ಜಾಗ ಇರುವುದಿಲ್ಲ. ಹತ್ತಬೇಡಿ ಅನ್ನುತ್ತಿಲ್ಲ. ಬೆಳಿಗ್ಗೆ ಬೇಗ ಹತ್ತಿ, ಆಗ ಖಾಲಿ ಇರುತ್ತದೆ, ಕಿಟಕಿಯೂ ಸಿಗುತ್ತದೆ. ಹತ್ತು ಗಂಟೆ ಮೇಲೆ ನೂಕುನುಗ್ಗಲು, ಜೇಬುಗಳ್ಳರ ಕಾಟ ಬೇರೆ. ಚೀಲವನ್ನು ಎದೆಗೆ ಹಾಕಿಕೊಳ್ಳಿ.

ಟುಕ್‌ಟುಕ್ ಬಗ್ಗೆ ಹೇಳುವುದಾದರೆ, ಆಲ್ಫಾಮಾದ ಓಣಿಗಳಿಗೆ ಅವು ನುಗ್ಗುವುದೇ ಇಲ್ಲ. ಓಣಿ ಅಂದರೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕು, ಮಧ್ಯೆ ಮೆಟ್ಟಿಲು ಬೇರೆ. ಅಂದರೆ ಟುಕ್‌ಟುಕ್‌ನಲ್ಲಿ ಕೂತವರು ಆಲ್ಫಾಮಾದ ಅಂಚು ನೋಡುತ್ತಾರೆ ಅಷ್ಟೇ.

ಇನ್ನೊಂದು ಮಾತು ನನಗೆ ಮುಖ್ಯ. ಆಲ್ಫಾಮಾ, ಮೋರಾರಿಯಾ ಮ್ಯೂಸಿಯಂ ಅಲ್ಲ, ಜನ ಇರುವ ಮನೆಗಳು. ಬಾಗಿಲು ನೇರ ಓಣಿಗೇ ತೆರೆಯುತ್ತದೆ, ಕಿಟಕಿ ನಿಮ್ಮ ಮುಖದ ಎತ್ತರಕ್ಕಿರುತ್ತದೆ. ಒಳಗೆ ಯಾರೋ ಊಟ ಮಾಡುತ್ತಿರುತ್ತಾರೆ, ಫೋನ್ ಹಿಡಿದು ಇಣುಕಬೇಡಿ. ಒಣಗಿ ಹಾಕಿದ ಬಟ್ಟೆ ಮುಂದೆ ಫೋಟೊ ತೆಗೆಯುವ ಚಟ ಒಂದಿದೆ, ಅದು ಯಾರದೋ ಮನೆಯ ಬಟ್ಟೆ ಅಲ್ವಾ? ರಾತ್ರಿ ಹೊತ್ತು ಚಕ್ರದ ಸೂಟ್‌ಕೇಸನ್ನು ಕಲ್ಲು ಮೆಟ್ಟಿಲ ಮೇಲೆ ಎಳೆದುಕೊಂಡು ಹೋದರೆ ಇಡೀ ಓಣಿ ಎಚ್ಚರಾಗುತ್ತದೆ. ಮನೆಗಳೆಲ್ಲ ಪ್ರವಾಸಿ ಬಾಡಿಗೆಗೆ ಹೋಗಿ ಹಳೇ ಬಾಡಿಗೆದಾರರು ಊರಾಚೆ ಸರಿಯಬೇಕಾಯಿತು. 2018ರ ಕೊನೆಗೆ ನಗರಸಭೆ ಈ ಬಡಾವಣೆಗಳಲ್ಲಿ ಹೊಸ ಪರವಾನಗಿ ತಡೆಹಿಡಿಯಿತು, ಆದರೆ ಹೋದವರು ವಾಪಸ್ ಬರಲಿಲ್ಲ. ಮೋರಾರಿಯಾದ ಬೆಕೊ ದಾಸ್ ಫರೀನ್ಯಾಸ್ ಓಣಿಗೆ ಹೋಗಿ ನೋಡಿ. ಅಲ್ಲಿನ ಹಿರಿಯರ ಫೋಟೊಗಳನ್ನು ಅವರದೇ ಓಣಿಯ ಗೋಡೆ ಮೇಲೆ ಅಚ್ಚು ಹಾಕಿದ್ದಾರೆ. ಕಿಟಕಿಯಲ್ಲಿ ಕೈಯೂರಿ ನಿಂತ ಹೆಂಗಸು, ಕುರ್ಚಿಯಲ್ಲಿ ಕೂತ ಗಂಡಸು. ಗಡಿಬಿಡಿಯಲ್ಲಿ ದಾಟಿ ಹೋಗಬೇಡಿ, ಒಂದೊಂದು ಮುಖವನ್ನೂ ನಿಂತು ನೋಡಿ.

ಸಿಂತ್ರಾ ಬಿಡಿ. ಎರಡು ದಿನದಲ್ಲಿ ಅದು ಬೇಡ.

ಹಂಪೆ ಹಾದಿ:

ನಡೆಯುವವರು ಬೈಶಾವನ್ನು ಸುಮ್ನೆ ಅಂಗಡಿ ಬೀದಿ ಅಂತ ದಾಟಿಬಿಡುತ್ತಾರೆ. ನನಗೆ ಇಡೀ ಊರಲ್ಲಿ ಜಾಸ್ತಿ ಹಿಡಿಸಿದ್ದು ಅದೇ. ಸುತ್ತ ಎಲ್ಲ ಗುಡ್ಡಗಳಲ್ಲಿ ಸೊಟ್ಟಂಪಟ್ಟ ಓಣಿ, ಮಧ್ಯದ ತಗ್ಗಿನಲ್ಲಿ ಮಾತ್ರ ಗೆರೆ ಎಳೆದ ಹಾಗೆ ನೇರ ಬೀದಿಗಳು. ಯಾಕೆ ಅಂತ ಕೇಳಿಕೊಂಡರೆ ಊರಿನ ಕಥೆಯೇ ಬಿಚ್ಚಿಕೊಳ್ಳುತ್ತದೆ.

1755ರ ನವೆಂಬರ್ 1. ಎಲ್ಲ ಸಂತರ ಹಬ್ಬ. ಬೆಳಿಗ್ಗೆ ಜನ ಚರ್ಚುಗಳಲ್ಲಿ ತುಂಬಿದ್ದಾಗ ಭೂಮಿ ನಡುಗಿತು. ಚರ್ಚುಗಳಲ್ಲಿ ಹಚ್ಚಿದ್ದ ಮೇಣದ ಬತ್ತಿಗಳಿಂದ ಬೆಂಕಿ ಬಿತ್ತು. ತೇಜೊ ಹೊಳೆ ಕಡೆ ಓಡಿದವರ ಮೇಲೆ ಸುನಾಮಿ ಬಂತು. ಬೆಂಕಿ ದಿನಗಟ್ಟಲೆ ಉರಿಯಿತು. ತಗ್ಗಿನ ಊರು ಪೂರ್ತಿ ಹೋಯಿತು, ಗಟ್ಟಿ ನೆಲದ ಮೇಲಿದ್ದ ಆಲ್ಫಾಮಾ ಬಹುಪಾಲು ಉಳಿಯಿತು. ಆಮೇಲೆ ಮಂತ್ರಿ ಪೊಂಬಾಲ್ ಸೈನ್ಯದ ಎಂಜಿನಿಯರುಗಳನ್ನು ಕರೆದು ಹೊಸ ನಕ್ಷೆ ಹಾಕಿಸಿದ. ಗೋಡೆಯೊಳಗೆ ಮರದ ಅಡ್ಡಪಟ್ಟಿಗಳ ಪಂಜರ ಇಟ್ಟು ಕಟ್ಟಿದರು. ನೆಲ ಅಲುಗಾಡಿದರೆ ಮರ ಬಾಗಬೇಕು, ಕಲ್ಲು ಉದುರಿದರೂ ಮನೆ ನಿಲ್ಲಬೇಕು ಅಂತ. ಮಾದರಿಯ ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ನಡುಕ ಹುಟ್ಟಿಸಿ ಪರೀಕ್ಷೆ ಮಾಡಿದರು ಅಂತ ಹೇಳುತ್ತಾರೆ. ಈಗ ಐಸ್‌ಕ್ರೀಂ ಹಿಡಿದು ಓಡಾಡುವ ಆ ಬೀದಿಗಳ ಕೆಳಗೆ, ಒದ್ದೆ ಮಣ್ಣಿನಲ್ಲಿ, ಪೈನ್ ಮರದ ಗೂಟಗಳಿವೆ. ರುವಾ ದೊಸ್ ಕೊರೇರೊಸ್ ಬೀದಿಯಲ್ಲಿ ನೆಲದಡಿಯ ಉತ್ಖನನ ಜಾಗ ಇದೆ, ಅಲ್ಲಿ ಅವನ್ನು ಕಣ್ಣಾರೆ ನೋಡಬಹುದು.

ಬೀದಿಗಳ ಹೆಸರೂ ನೋಡಿ. ಚಮ್ಮಾರರ ಬೀದಿ, ಜೀನು ಹೊಲೆಯುವವರ ಬೀದಿ, ಬಟ್ಟೆ ವ್ಯಾಪಾರಿಗಳ ಬೀದಿ, ಬೆಳ್ಳಿ ಬೀದಿ, ಚಿನ್ನದ ಬೀದಿ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳ ಹಾಗೆ ಕಸುಬಿಗೊಂದು ಬೀದಿ.

ನದಿಗೆ ತೆರೆದುಕೊಂಡ ದೊಡ್ಡ ಚೌಕಕ್ಕೆ ಹೆಸರು ವ್ಯಾಪಾರ ಚೌಕ. ಆದರೆ ಊರಿನವರು ಇವತ್ತಿಗೂ ಅರಮನೆ ಅಂಗಳ ಅಂತಲೇ ಕರೆಯುತ್ತಾರೆ. 1755ರವರೆಗೆ ರಾಜನ ಅರಮನೆ ಅಲ್ಲಿತ್ತು. ಅದರ ಜೊತೆಗೇ ಕಾಸಾ ದಾ ಇಂಡಿಯಾ, ಅಂದರೆ ನಮ್ಮ ಕರಾವಳಿಯಿಂದ ಹೋದ ಮೆಣಸಿನ ಲೆಕ್ಕವೆಲ್ಲ ಇದ್ದ ಕಚೇರಿ. ಅದರ ದಾಖಲೆಗಳು ಆವತ್ತೇ ಹಾಳಾದವು. ಅಲ್ಲಿ ನಿಂತಾಗ ನನಗೆ ಹೊಟ್ಟೆ ಉರಿದದ್ದು ಇದಕ್ಕೇ. ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯೆಸ್, ಕುದುರೆ ವ್ಯಾಪಾರಿ ಫೆರ್ನಾವೊ ನೂನಿಸ್, ಇಬ್ಬರೂ ಪೋರ್ಚುಗೀಸರು. ಅವರ ಬರಹ ನಮಗೆ ಸಿಕ್ಕಿದ್ದು ಅದರ ಒಂದು ಪ್ರತಿ ಪ್ಯಾರಿಸ್ಸಿನಲ್ಲಿ ಉಳಿದಿದ್ದರಿಂದ. ಡೇವಿಡ್ ಲೋಪೆಸ್ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಅದಾದ ಮೇಲೆ, 1900ರಲ್ಲಿ, ಸಿವೆಲ್ ಅದನ್ನು ಇಂಗ್ಲಿಷಿಗೆ ತಂದರು. ಹಂಪೆಯ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ವಿವರ ಈ ದಾರಿಯಲ್ಲಿ ಬಂದದ್ದು. ಆ ಕಚೇರಿಯ ಜೊತೆ ಇನ್ನೂ ಏನೇನು ಸುಟ್ಟು ಹೋಯಿತೋ!

ಅಮ್ಮನ ಜೊತೆ:

ಚರ್ಚೆ ಓದಿ ಖುಷಿಯಾಯಿತು, ಭಯವೂ ಆಯಿತು. ನನ್ನ ಜೊತೆ ಅಮ್ಮ ಬರುತ್ತಾರೆ, ಮಂಡಿ ನೋವು ಇದೆ. ಸಪಾಟು ನೆಲದಲ್ಲಿ ನಿಧಾನವಾಗಿ ಚೆನ್ನಾಗಿಯೇ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಅದರಲ್ಲೂ ಇಳಿಯುವುದೇ ಜಾಸ್ತಿ ಕಷ್ಟ. ನೀವು ಹೇಳಿದ ಮೇಲಿಂದ ಕೆಳಕ್ಕೆ ಲೆಕ್ಕ ಅವರಿಗೆ ಉಲ್ಟಾ ಆಗುವುದಿಲ್ವಾ?

ಸವೆದ ಚಪ್ಪಲಿ:

ಒಳ್ಳೆಯ ಪ್ರಶ್ನೆ. ಮಂಡಿ ನೋವಿದ್ದರೆ ಇಳಿಜಾರೇ ಶತ್ರು, ನಿಜ. ಅವರಿಗೆ ಬೇರೆ ಲೆಕ್ಕ ಹಾಕೋಣ. ಬೈಶಾ ಪೂರ್ತಿ ಸಪಾಟು. ಹೊಳೆ ದಂಡೆ ಪೂರ್ತಿ ಸಪಾಟು. ಅರಮನೆ ಅಂಗಳದಿಂದ ಕೈಸ್ ದೊ ಸೊದ್ರೆವರೆಗೆ ನೀರಿನ ಪಕ್ಕದಲ್ಲೇ ಅಗಲವಾದ ಹಾದಿ, ಕೂರಲು ಜಾಗವೂ ಇದೆ. ಸಂಜೆ ಅಲ್ಲಿ ಒಂದು ಹೆಜ್ಜೆ ಹತ್ತದೆ ಎಷ್ಟು ಹೊತ್ತು ಬೇಕಾದರೂ ನಡೆಯಬಹುದು.

ಗುಡ್ಡದ ಮೇಲಿನದು ನೋಡಬೇಕಾದರೆ 737ನೇ ನಂಬರ್ ಬಸ್ ಹಿಡಿಯಿರಿ. ಚಿಕ್ಕ ಬಸ್, ಪ್ರಾಸಾ ದಾ ಫಿಗೇರಾದಿಂದ ಹೊರಟು ಕೋಟೆ ಬಾಗಿಲಿಗೇ ಬಿಡುತ್ತದೆ, ವಾಪಸ್ ಬರುವುದೂ ಅದರಲ್ಲೇ. ಇಡೀ ದಿನದ ಟಿಕೆಟ್ ಮಾಡಿಸಿದರೆ ಬಸ್ಸು, ಟ್ರಾಮು, ಮೆಟ್ರೊ ಎಲ್ಲಕ್ಕೂ ಆಗುತ್ತದೆ, ಎರಡು ನಿಲ್ದಾಣಕ್ಕೂ ಹತ್ತಿ ಇಳಿಯಲು ಯೋಚಿಸಬೇಕಿಲ್ಲ. ಪೋರ್ತಾಸ್ ದೊ ಸೋಲ್ ಮತ್ತು ಸಾಂತಾ ಲೂಜಿಯಾ ಎಂಬ ಎರಡು ನೋಟದ ಕಟ್ಟೆಗಳು ಅಕ್ಕಪಕ್ಕದಲ್ಲೇ ಇವೆ, ನಡುವೆ ಮೆಟ್ಟಿಲಿಲ್ಲ. ಅಮ್ಮನನ್ನು ಸಾಂತಾ ಲೂಜಿಯಾದ ಬಳ್ಳಿ ಚಪ್ಪರದ ಕೆಳಗೆ ಕೂರಿಸಿ. ಚರ್ಚಿನ ಹೊರಗೋಡೆಯಲ್ಲಿ ನೀಲಿ ಹೆಂಚಿನ ಚಿತ್ರ ಎರಡಿವೆ. ಒಂದರಲ್ಲಿ ಭೂಕಂಪಕ್ಕೆ ಮುಂಚಿನ ಅರಮನೆ ಅಂಗಳ. ಇನ್ನೊಂದರಲ್ಲಿ 1147ರಲ್ಲಿ ಮೂರ್ ಎಂಬ ಮುಸ್ಲಿಂ ಜನರಿಂದ ಕೋಟೆ ಗೆದ್ದ ಯುದ್ಧ. ಹಂಪೆ ಹಾದಿಯವರು ಹೇಳಿದ ಊರನ್ನು ಅಲ್ಲಿ ನೋಡಬಹುದು.

ಆಲ್ಫಾಮಾ ಒಳಗೆ ಅವರನ್ನು ಇಳಿಸಬೇಡಿ. ನೀವು ಒಬ್ಬರೇ ಒಂದು ಸುತ್ತು ಹೋಗಿ ಬನ್ನಿ. ಅವರಿಗೂ ಸ್ವಲ್ಪ ಹೊತ್ತು ಯಾರ ಅವಸರವೂ ಇಲ್ಲದೆ ಕೂರುವುದು ಬೇಕಾಗಿರುತ್ತದೆ.

ಗ್ಲೋರಿಯಾ ಏರಿನ ಬಗ್ಗೆಯೂ ಹೇಳಿಬಿಡುತ್ತೇನೆ. 1885ರಿಂದ ಓಡುತ್ತಿದ್ದ, ಹಗ್ಗದಿಂದ ಎಳೆದು ಗುಡ್ಡ ಹತ್ತಿಸುವ ಹಳದಿ ಗಾಡಿ ಅದು. 2025ರ ಸೆಪ್ಟೆಂಬರ್ 3ರಂದು ಕೇಬಲ್ ಕಿತ್ತು ಹಳಿ ತಪ್ಪಿತು, 16 ಜನ ತೀರಿಕೊಂಡರು. ಹಳೇ ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಅದನ್ನು ಹತ್ತಿ ಅಂತ ಇರುತ್ತದೆ, ಅದನ್ನು ನೆಚ್ಚಿಕೊಂಡು ದಾರಿ ಹಾಕಬೇಡಿ. ಆ ಬೀದಿಯಲ್ಲಿ ನಡೆಯುವವರು ದಯವಿಟ್ಟು ಅಲ್ಲಿ ನಿಂತು ನಗುತ್ತಾ ಫೋಟೊ ತೆಗೆಸಿಕೊಳ್ಳಬೇಡಿ.

ಕಲ್ಲು ಮರಳು:

ನಾನು ಸಿವಿಲ್ ಎಂಜಿನಿಯರ್, ಹಾಗಾಗಿ ನಾನು ನೋಡಿದ್ದು ಜಾಸ್ತಿ ಕೆಳಗೇ! ಕಾಲ ಕೆಳಗಿನ ಕಲ್ಲುಹಾಸಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಲಿಸ್ಬನ್ನಿನ ಕಾಲುದಾರಿಗಳು ಕಾಂಕ್ರೀಟ್ ಅಲ್ಲ, ಟೈಲ್ಸೂ ಅಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸುಣ್ಣಕಲ್ಲು ತುಂಡುಗಳು. ಬಿಳಿಯದು ಹಿನ್ನೆಲೆ, ಕರಿಯದು ಚಿತ್ತಾರ. ರೊಸಿಯೊ ಚೌಕದಲ್ಲಿ ಅಲೆಗಳ ವಿನ್ಯಾಸ ಇದೆ. ಸಪಾಟಾದ ನೆಲ, ಆದರೂ ಉಬ್ಬಿ ತಗ್ಗಿದ ಹಾಗೆ ಕಣ್ಣಿಗೆ ಕಾಣುತ್ತದೆ. ಇದೆಲ್ಲ ಶುರುವಾದದ್ದು 1842ರಲ್ಲಿ, ಸಾನ್ ಜಾರ್ಜ್ ಕೋಟೆಯಲ್ಲಿ. ಅಲ್ಲಿನ ಸೈನ್ಯಾಧಿಕಾರಿ ಎವುಜೆಬಿಯೊ ಫುರ್ತಾದೊ ಕೈದಿಗಳ ಕೈಯಲ್ಲಿ ಅಂಕುಡೊಂಕು ಗೆರೆಯ ಹಾಸು ಹಾಕಿಸಿದ. ರೊಸಿಯೊ ಅಲೆಗಳನ್ನು ಹಾಕಿದ್ದೂ ಕೈದಿಗಳೇ.

ಕೆಲಸ ಮಾಡುವವರನ್ನು ಕಂಡರೆ ಹತ್ತು ನಿಮಿಷ ನಿಂತು ನೋಡಿ. ನಾನು ಶಿಯಾದೊ ಹತ್ತಿರ ನೋಡಿದೆ. ತಗ್ಗಾದ ಮಣೆ ಮೇಲೆ ಕೂತಿದ್ದ ಒಬ್ಬ ಎಡಗೈಯಲ್ಲಿ ಕಲ್ಲು ಹಿಡಿದು ಬಲಗೈ ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಿದ್ದ, ಮೂಲೆ ಹಾರಿ ಹೋಗುತ್ತಿತ್ತು. ಕಲ್ಲನ್ನು ತಿರುಗಿಸಿ ಇನ್ನೊಂದು ಏಟು, ಆಮೇಲೆ ಸಂದಿಯಲ್ಲಿ ಕೂರಿಸಿ ತಲೆ ಮೇಲೆ ಒಂದು ತಟ್ಟು. ಅಳತೆ ಪಟ್ಟಿ ಮುಟ್ಟಲೇ ಇಲ್ಲ. ಚಿತ್ತಾರಕ್ಕೆ ಮಾತ್ರ ಮರದ ಅಚ್ಚು ಇಟ್ಟುಕೊಂಡಿದ್ದ. ಕೆಳಗೆ ಮರಳು ಹಾಸು, ಗಾರೆ ಇಲ್ಲ. ಅದಕ್ಕೇ ಪೈಪ್ ರಿಪೇರಿಗೆ ಅಗೆದರೂ ಅದೇ ಕಲ್ಲುಗಳನ್ನು ಮತ್ತೆ ಕೂರಿಸಬಹುದು, ಮಳೆ ನೀರೂ ಸಂದಿಯಲ್ಲಿ ಇಂಗುತ್ತದೆ. ಬೆನ್ನು ಮುರಿಯುವ ಕೆಲಸ, ಸಂಬಳ ಕಮ್ಮಿ, ಕಲಿಯಲು ಬರುವವರು ಕಮ್ಮಿ. ನಗರಸಭೆ 1986ರಲ್ಲಿ ಇದಕ್ಕಂತಲೇ ಒಂದು ಶಾಲೆ ತೆರೆದಿದೆ.

ಈಗ ನಡೆಯುವವರಿಗೆ ಬೇಕಾದ ಮಾತು. ಈ ಕಲ್ಲು ವರ್ಷಗಟ್ಟಲೆ ಕಾಲು ತಗುಲಿ ನುಣುಪಾಗಿದೆ. ಮಳೆ ಬಿದ್ದರೆ ಇಳಿಜಾರಿನಲ್ಲಿ ಜಾರುವುದು ಗ್ಯಾರಂಟಿ. ನವೆಂಬರಿನಿಂದ ಫೆಬ್ರುವರಿವರೆಗೆ ಮಳೆ ಜಾಸ್ತಿ. ಹೊಸ ಬೂಟು ಬೇಡ, ಗಟ್ಟಿ ಪ್ಲಾಸ್ಟಿಕ್ ತಳದ್ದು ಬೇಡವೇ ಬೇಡ. ಮೆತ್ತನೆ ರಬ್ಬರ್ ತಳ, ಪಾದ ಹಿಡಿದುಕೊಳ್ಳುವಂಥದ್ದು ಇರಲಿ. ಟ್ರಾಮ್ ಹಳಿಯೂ ಅಷ್ಟೇ. ಒದ್ದೆ ಇದ್ದಾಗ ಹಳಿ ಮೇಲೆ ಕಾಲಿಡದೆ ದಾಟಿ. ಹಳೇ ಬೀದಿಗಳಲ್ಲಿ ಕಾಲುದಾರಿ ಮೊಣಕೈ ಅಗಲಕ್ಕೆ ಬಂದುಬಿಡುತ್ತದೆ, ಟ್ರಾಮ್ ಮೈಗೆ ತಾಗುವಷ್ಟು ಹತ್ತಿರ ಬರುತ್ತದೆ. ಮಕ್ಕಳಿದ್ದರೆ ಗೋಡೆ ಕಡೆಗೆ ಇಟ್ಟುಕೊಳ್ಳಿ.

ಬರೀ ಸೊಪ್ಪು:

ಶುದ್ಧ ಸಸ್ಯಾಹಾರಿಗಳು ಏನು ತಿಂದು ಇಷ್ಟು ಗುಡ್ಡ ಹತ್ತಿದಿರಿ, ಅದನ್ನೂ ಸ್ವಲ್ಪ ಹೇಳಿ. ಮೊಟ್ಟೆ ನಡೆಯುತ್ತದೆ, ಮೀನು ಮಾಂಸ ಇಲ್ಲ.

ತೇಜೊ ದಂಡೆ:

ಮೊಟ್ಟೆ ನಡೆಯುತ್ತದೆ ಅಂದರೆ ಬದುಕಿದಿರಿ. ಪಾಸ್ತೆಲ್ ದೆ ನಾತಾ ಎಲ್ಲ ಬೀದಿಯಲ್ಲೂ ಸಿಗುತ್ತದೆ, ಮೊಟ್ಟೆ ಹಾಲಿನ ಕಸ್ಟರ್ಡ್, ಪದರ ಪದರ ಹಿಟ್ಟು. ಬಿಸಿ ಇರುವಾಗ ತಿನ್ನಿ, ಮೇಲೆ ದಾಲ್ಚಿನ್ನಿ ಪುಡಿ ಹಾಕಿಕೊಳ್ಳಿ. ಪಕ್ಕದಲ್ಲಿ ಒಂದು ಬಿಕಾ, ಅಂದರೆ ಚಿಕ್ಕ ಲೋಟದ ಗಟ್ಟಿ ಕಾಫಿ. ನಿಂತೇ ಕುಡಿದು ಮುಂದೆ ನಡೆಯುವುದು ಇಲ್ಲಿನ ರೂಢಿ, ಶೌಚಾಲಯವೂ ಅಲ್ಲೇ ಆಗುತ್ತದೆ.

ಊಟಕ್ಕೆ ಸೂಪ್ ಕೇಳಿ. ಮೂಲೆ ಮೂಲೆಯ ಹೋಟೆಲಿನಲ್ಲೂ ದಿನದ ತರಕಾರಿ ಸೂಪ್ ಇರುತ್ತದೆ. ಕಾಲ್ದೊ ವೆರ್ದೆ ಎಂಬ ಸೊಪ್ಪಿನ ಸೂಪಿಗೆ ಮಾತ್ರ ಮೇಲೆ ಮಾಂಸದ ತುಂಡು ಹಾಕಿರುತ್ತಾರೆ, ಮಾಡುವಾಗಲೇ ಹಾಕಿದ್ದಾರಾ ಅಂತ ಕೇಳಿಯೇ ಹೇಳಬೇಕು. ಗಾಜಿನ ಪೆಟ್ಟಿಗೆಯಲ್ಲಿ ಸಮೋಸ ಕಂಡು ಖುಷಿಪಡಬೇಡಿ. ಗೋವಾ ಮೊಜಾಂಬಿಕ್ ದಾರಿಯಲ್ಲಿ ಬಂದ ಶಮುಸಾ ಅದು, ಬಹುತೇಕ ಮಾಂಸದ್ದೇ. ಕೂತ ತಕ್ಷಣ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ತಿಂದರೆ ದುಡ್ಡು, ಬೇಡ ಅಂದರೆ ತೆಗೆದುಕೊಂಡು ಹೋಗುತ್ತಾರೆ. ಅದು ಮೋಸ ಅಲ್ಲ, ಇಲ್ಲಿನ ಪದ್ಧತಿ. ಅಡುಗೆ ಮಾಡಿಕೊಳ್ಳುವವರಿಗೆ ಮಾರ್ತಿಂ ಮೊನಿಜ್ ಸುತ್ತಮುತ್ತ ನಮ್ಮ ಕಡೆಯ ದಿನಸಿ ಅಂಗಡಿಗಳಿವೆ. ಅಕ್ಕಿ, ಬೇಳೆ, ಮಸಾಲೆ ಎಲ್ಲ ಸಿಗುತ್ತದೆ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಶರತ್ಕಾಲದಲ್ಲಿ ಬಂದರೆ ಬೀದಿಯಲ್ಲಿ ಹೊಗೆ ಎಬ್ಬಿಸಿ ಚೆಸ್ಟ್‌ನಟ್ ಸುಡುತ್ತಾರೆ, ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ. ನಡೆಯುತ್ತಾ ತಿನ್ನಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಕಾರವಾರ ಕಡಲು:

ಬೆಲೆಂ ಬಗ್ಗೆ ನಾನು ಬರೆಯುತ್ತೇನೆ. ಅಲ್ಲಿಗೆ 15ನೇ ಟ್ರಾಮ್ ಹೋಗುತ್ತದೆ, ರೈಲೂ ಇದೆ. ಆದರೆ ಹೋಗುವಾಗ ನಡೆದೇ ಹೋಗಿ. ಊರ ಮಧ್ಯದಿಂದ 6 ಕಿಲೋಮೀಟರಿಗೂ ಜಾಸ್ತಿ, ಪೂರ್ತಿ ಸಪಾಟು, ಎಡಗಡೆ ಹೊಳೆ. ಬೆಳಿಗ್ಗೆ ಹೊರಟರೆ ಬಿಸಿಲು ಬೆನ್ನಿಗಿರುತ್ತದೆ. ಅರ್ಧ ದಾರಿಯಲ್ಲಿ ದೊಡ್ಡ ಕೆಂಪು ತೂಗುಸೇತುವೆ ಕೆಳಗೆ ಹಾದು ಹೋಗುತ್ತೀರಿ. 1966ರಲ್ಲಿ ಸರ್ವಾಧಿಕಾರಿ ಸಲಜಾರ್ ಹೆಸರಲ್ಲಿ ತೆರೆದದ್ದು, 1974ರ ಕ್ರಾಂತಿಯ ಮೇಲೆ ಏಪ್ರಿಲ್ 25ರ ಸೇತುವೆ ಆಯಿತು. ಅದರ ಕೆಳಗೆ ನಿಂತು ಕೇಳಿ. ಕಾರು ಓಡುವ ದಾರಿಯ ಒಂದು ಭಾಗ ಕಬ್ಬಿಣದ ಜಾಲರಿ, ಟೈರು ಉರುಳಿದಾಗ ಝೇಂಕಾರ ಏಳುತ್ತದೆ, ಒಂದು ಕ್ಷಣವೂ ನಿಲ್ಲುವುದಿಲ್ಲ. ಕೆಳ ಅಂತಸ್ತಿನಲ್ಲಿ ರೈಲು ಬಂದಾಗ ಅದರ ಗಡಗಡ ಬೇರೆ.

ಬೆಲೆಂನಲ್ಲಿ ಜೆರೋನಿಮೊಸ್ ಮಠದ ಚರ್ಚಿಗೆ ಹೊಕ್ಕ ಕೂಡಲೇ ವಾಸ್ಕೊ ಡ ಗಾಮನ ಸಮಾಧಿ. ಎದುರಿಗೆ ಕವಿ ಕಮೋಯಿಸ್‌ನದು. ಗಾಮ ಸತ್ತಿದ್ದು ಕೊಚ್ಚಿಯಲ್ಲಿ, 1524ರಲ್ಲಿ. 1539ರಲ್ಲಿ ಪೋರ್ಚುಗಲ್ಲಿಗೆ ತಂದರು, ಈ ಚರ್ಚಿಗೆ ತಂದದ್ದು 1880ರಲ್ಲಿ. ಮಠ ಕಟ್ಟಲು ಶುರುವಾದದ್ದು 1501ರಲ್ಲಿ, ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲಿನ ತೆರಿಗೆ ಹಣದಿಂದ. ಕಂಬಗಳ ಮೇಲೆ ಹಗ್ಗ, ಗಂಟು, ಹವಳ, ಎಲೆ ಬಳ್ಳಿ ಎಲ್ಲ ಕಲ್ಲಲ್ಲಿ ಕೆತ್ತಿದ್ದಾರೆ. ಎಷ್ಟು ಸುಂದರ ಅಂದರೆ ಮಾತು ಹೊರಡುವುದಿಲ್ಲ. ಆದರೆ ನಮ್ಮ ಕರಾವಳಿಯವರಿಗೆ ಅದನ್ನು ಬರೀ ಸುಂದರ ಅಂತ ನೋಡಲು ಆಗುವುದಿಲ್ಲ. ಗಾಮ 1498ರಲ್ಲಿ ವಾಪಸ್ ಹೊರಟಾಗ ಲಂಗರು ಹಾಕಿದ್ದು ನಮ್ಮ ಕಾರವಾರದ ಕಡಲಿನ ಅಂಜದೀವ್ ದ್ವೀಪದಲ್ಲಿ. 1505ರಲ್ಲಿ ಅಲ್ಲೇ ಕೋಟೆ ಕಟ್ಟಿದರು. 1510ರಲ್ಲಿ ಆಲ್ಬುಕರ್ಕ್ ಗೋವಾ ಹಿಡಿಯಲು ಜೊತೆ ನಿಂತವನು ಹೊನ್ನಾವರದ ತಿಮ್ಮಯ್ಯ. ಉಳ್ಳಾಲದ ಅಬ್ಬಕ್ಕ ಈ ಪೋರ್ಚುಗೀಸರ ಎದುರು ನಿಂತಳು. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡೇ ಆ ಕಂಬಗಳ ನಡುವೆ ನಡೆದೆ.

ಹೊಳೆ ದಂಡೆಯಲ್ಲಿ ಪೋರ್ಚುಗೀಸ್ ನಾವಿಕರ ಹೆಸರಿನ 1960ರ ಸ್ಮಾರಕ ಇದೆ, ಹಡಗಿನ ಮೂತಿಯ ಆಕಾರದ್ದು. ಅದರ ಮುಂದೆ ನೆಲದ ಮೇಲೆ 50 ಮೀಟರ್ ಅಗಲದ ದಿಕ್ಸೂಚಿ ಚಿತ್ತಾರ, ಮಧ್ಯದಲ್ಲಿ ಪ್ರಪಂಚದ ನಕ್ಷೆ, ಅವರು ಎಲ್ಲೆಲ್ಲಿ ಯಾವ ವರ್ಷ ಹೋದರು ಅಂತ. ಜನ ಅದರ ಮೇಲೆ ಓಡಾಡುತ್ತಾರೆ, ಮಕ್ಕಳು ದೇಶದಿಂದ ದೇಶಕ್ಕೆ ನೆಗೆಯುತ್ತಾರೆ. ಹೋದವರ ತಾರೀಖು ಬರೆದಿದ್ದಾರೆ, ಅಲ್ಲಿ ಮೊದಲೇ ಇದ್ದವರ ಬಗ್ಗೆ ಒಂದಕ್ಷರ ಇಲ್ಲ. ಅದು ನನಗೆ ಸರಿ ಕಾಣಲಿಲ್ಲ. ಹಾಗಂತ ಹೋಗಬೇಡಿ ಅನ್ನುವುದಿಲ್ಲ. ನಮ್ಮ ಕರಾವಳಿ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಬೇಕು ಅನ್ನುವಷ್ಟು ಮುಖ್ಯ ಜಾಗ ಅದು.

ಸೋಮವಾರ ಮಠ ಮುಚ್ಚಿರುತ್ತದೆ, ನೆನಪಿಡಿ.

ತೇಜೊ ದಂಡೆ:

ಕಾರವಾರ ಕಡಲು ಅವರೇ, ನೀವು ಬರೆದದ್ದು ಇಲ್ಲಿ ನನ್ನ ಸಹೋದ್ಯೋಗಿಗಳ ನಡುವೆಯೂ ನಡೆಯುವ ಜಗಳ. ಆ ಸ್ಮಾರಕ ಸಲಜಾರ್ ಕಾಲದ್ದು ಅನ್ನುವುದನ್ನೂ ಸೇರಿಸಿಕೊಳ್ಳಿ.

ಆ ಕಾಲ ಮುಗಿದ ಜಾಗಕ್ಕೂ ನಡೆದು ಹೋಗಿ ಅಂತ ನನ್ನ ಬೇಡಿಕೆ. ಸಾಂತಾ ಜುಸ್ತಾ ಲಿಫ್ಟಿನ ಹಿಂದೆಯೇ ಕಾರ್ಮೊ ಚೌಕ ಇದೆ. ಚಿಕ್ಕದು, ಮಧ್ಯೆ ಹಳೇ ನೀರಿನ ಮಂಟಪ, ಸುತ್ತ ಜಕರಂಡ ಮರ. ಮೇ ಕೊನೆ, ಜೂನ್ ಹೊತ್ತಿಗೆ ನೆಲವೆಲ್ಲ ನೇರಳೆ. ಬೆಂಗಳೂರಿನವರಿಗೆ ಗುರುತು ಹೇಳಬೇಕಿಲ್ಲ. ಒಂದು ಪಕ್ಕ ಭೂಕಂಪದಲ್ಲಿ ಚಾವಣಿ ಕಳೆದುಕೊಂಡ ಚರ್ಚು, ಕಮಾನುಗಳು ಆಕಾಶಕ್ಕೆ ಬರಿದಾಗಿ ನಿಂತಿವೆ. ಅದರ ಮಗ್ಗುಲಲ್ಲೇ ಪೊಲೀಸ್ ಪಡೆಯ ಠಾಣೆ. 1974ರ ಏಪ್ರಿಲ್ 25ರಂದು ಸರ್ವಾಧಿಕಾರಿ ಸರ್ಕಾರದ ಮುಖ್ಯಸ್ಥ ಕೈತಾನೊ ಇದರೊಳಗೆ ಅವಿತು ಕೂತಿದ್ದ. ಕ್ಯಾಪ್ಟನ್ ಸಾಲ್ಗೇರೊ ಮಾಯಾ ಸೈನಿಕರ ಜೊತೆ ಚೌಕಕ್ಕೆ ಬಂದ, ಜನ ಮರ ಹತ್ತಿ ಕಾದರು, ಸಂಜೆ ಹೊತ್ತಿಗೆ ಸರ್ಕಾರ ಶರಣಾಯಿತು. ಬಂದೂಕಿನ ನಳಿಗೆಯಲ್ಲಿ ಕಾರ್ನೇಶನ್ ಹೂ ಇಟ್ಟದ್ದು ಆವತ್ತೇ. ಇಷ್ಟು ದೊಡ್ಡದು ನಡೆದದ್ದು ಇಷ್ಟು ಚಿಕ್ಕ ಚೌಕದಲ್ಲಾ ಅಂತ ಬಂದವರೆಲ್ಲ ಕೇಳುತ್ತಾರೆ.

ಇನ್ನೊಂದು, ರೊಸಿಯೊ ಮಗ್ಗುಲಿನ ಸಾನ್ ದೊಮಿಂಗೊಸ್ ಚರ್ಚು. 1959ರಲ್ಲಿ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟಿತು. ಚಾವಣಿ ಹೊಸದಾಗಿ ಹಾಕಿದರು, ಕಂಬಗಳನ್ನು ಸುಟ್ಟ ಹಾಗೇ ಬಿಟ್ಟರು. ಕೈ ಇಟ್ಟು ನೋಡಿ, ಕಲ್ಲು ಸಿಡಿದು ಹೆಕ್ಕಳೆ ಎದ್ದಿದೆ. ಹೊರಗೆ ಚೌಕದಲ್ಲಿ 1506ರಲ್ಲಿ ಕೊಂದ ಯಹೂದಿಗಳ ಸ್ಮರಣೆಗೆ ಕಲ್ಲು ಇಟ್ಟಿದ್ದಾರೆ. ಅದೇ ಚೌಕದಲ್ಲಿ ಗಿನಿ-ಬಿಸಾವ್ ಕಡೆಯ ಆಫ್ರಿಕಾದ ಜನ ದಿನಾ ಸೇರಿ ಮಾತಾಡುತ್ತಾ ನಿಂತಿರುತ್ತಾರೆ, ಪಕ್ಕದಲ್ಲಿ ಚೆರ್ರಿ ಮದ್ಯ ಮಾರುವ ಗೂಡಂಗಡಿ. ಪ್ರವಾಸಿಗರು ಆ ಮದ್ಯ ಕುಡಿದು ಫೋಟೊ ತೆಗೆದು ಹೋಗಿಬಿಡುತ್ತಾರೆ, ಚರ್ಚಿನ ಒಳಗೆ ಕಾಲಿಡುವುದಿಲ್ಲ. ಬೇಜಾರಾಗುತ್ತದೆ.

ಗಡಿಬಿಡಿ ಪ್ರವಾಸಿ:

ಎಲ್ಲರಿಗೂ ಥ್ಯಾಂಕ್ಸ್. ಸಿಂತ್ರಾ ತೆಗೆದುಹಾಕಿದೆ, ಟುಕ್‌ಟುಕ್ ಕೂಡ. ಮೊದಲ ದಿನ ಗುಡ್ಡ, ಎರಡನೇ ದಿನ ಬೆಲೆಂ ಅಂತ ಇಟ್ಟುಕೊಂಡಿದ್ದೇನೆ. ಮೊದಲ ದಿನಕ್ಕೆ ಒಂದು ಸರಿಯಾದ ದಾರಿ ಹೇಳಿ, ಹಾಗೇ ಹಿಡಿದುಕೊಂಡು ಹೋಗುತ್ತೇವೆ. ನಾವು ಇರುವುದು ಮಂಗಳವಾರ, ಬುಧವಾರ.

ಸವೆದ ಚಪ್ಪಲಿ:

ಮಂಗಳವಾರ ಅಂದರೆ ಅದೃಷ್ಟ. ಬೆಳಿಗ್ಗೆ ಬೇಗ ಮಾರ್ತಿಂ ಮೊನಿಜ್‌ನಲ್ಲಿ 28 ಹತ್ತಿ ಗ್ರಾಸಾದಲ್ಲಿ ಇಳಿಯಿರಿ. ಮೊದಲು ಸೆನ್ಯೋರಾ ದೊ ಮೊಂತೆ ಕಟ್ಟೆಗೆ ಹೋಗಿ. ಊರಿನ ನೋಟದ ಕಟ್ಟೆಗಳಲ್ಲೆಲ್ಲ ಎತ್ತರದ್ದು ಅದು, ಕೋಟೆಯೂ ನಿಮ್ಮ ಕಣ್ಣಿಗೆ ಕೆಳಗೇ ಕಾಣುತ್ತದೆ. ಅಲ್ಲಿಂದ ಮುಂದೆ ಇಡೀ ದಿನ ಹತ್ತುವುದು ಕಮ್ಮಿ, ಇಳಿಯುವುದು ಜಾಸ್ತಿ. ಸಾನ್ ವಿಸೆಂತೆ ಚರ್ಚಿನ ಹಿಂದೆ ಕಾಂಪೊ ದೆ ಸಾಂತಾ ಕ್ಲಾರಾದಲ್ಲಿ ಮಂಗಳವಾರ ಮತ್ತು ಶನಿವಾರ ಮಾತ್ರ ಹಳೇ ಸಾಮಾನಿನ ಸಂತೆ ಸೇರುತ್ತದೆ. ಅಲ್ಲಿ ಬಿಡಿ ಬಿಡಿಯಾಗಿ ಮಾರುವ ಹಳೇ ನೀಲಿ ಹೆಂಚುಗಳನ್ನು ಕೊಳ್ಳಬೇಡಿ. ಹಳೇ ಮನೆಗಳ ಗೋಡೆಯಿಂದ ಕದ್ದು ಕಿತ್ತವೂ ಅದರಲ್ಲಿ ಬರುತ್ತವೆ, ಕೊಳ್ಳುವವರು ಇರುವುದರಿಂದಲೇ ಕೀಳುತ್ತಾರೆ. ಸಂತೆ ಪಕ್ಕದ ಬಿಳಿ ಗುಮ್ಮಟದ ಕಟ್ಟಡ ಸಾಂತಾ ಎಂಗ್ರಾಸಿಯಾ. 1682ರಲ್ಲಿ ಶುರು ಮಾಡಿ 1966ರಲ್ಲಿ ಮುಗಿಸಿದರು. ಮುಗಿಯದ ಕೆಲಸಕ್ಕೆ ಇಲ್ಲಿನವರು ಇದರ ಹೆಸರೇ ಹೇಳುತ್ತಾರೆ.

ಅಲ್ಲಿಂದ ಪೋರ್ತಾಸ್ ದೊ ಸೋಲ್ ಕಟ್ಟೆಗೆ ಬಂದು, ಪಕ್ಕದ ಮೆಟ್ಟಿಲು ಹಿಡಿದು ಆಲ್ಫಾಮಾಗೆ ಇಳಿಯಿರಿ. ಒಳಗೆ ಫೋನ್ ಮ್ಯಾಪ್ ನೋಡಬೇಡಿ, ಓಣಿಗಳಲ್ಲಿ ಅದು ತಪ್ಪುತ್ತದೆ. ನೀರು ಹರಿಯುವ ಕಡೆಗೆ ಇಳಿಯುತ್ತಾ ಹೋದರೆ ಸಾಕು. ಎಲ್ಲಿ ಹೇಗೆ ತಿರುಗಿದರೂ ಕೆಳಗೆ ಹೊಳೆ ದಂಡೆ ಸಿಕ್ಕೇ ಸಿಗುತ್ತದೆ. ಮಧ್ಯಾಹ್ನ ಊಟ ಅಲ್ಲೇ ಮುಗಿಸಿ, ದಂಡೆ ಹಿಡಿದು ಅರಮನೆ ಅಂಗಳಕ್ಕೆ ಬಂದು, ಬೈಶಾ ದಾಟಿ, ಮೆಟ್ರೊ ಎಸ್ಕಲೇಟರಿನಲ್ಲಿ ಶಿಯಾದೊಗೆ ಏರಿ, ಕಾರ್ಮೊ ಚೌಕದಲ್ಲಿ ಕೂತು ದಣಿವಾರಿಸಿಕೊಳ್ಳಿ. ಕೋಟೆಯ ಒಳಗೆ ಹೋಗಲೇಬೇಕು ಅಂತೇನೂ ಇಲ್ಲ, ಸಮಯ ಉಳಿದರೆ ಮಾತ್ರ ನೋಡಿ. ಬೇಸಿಗೆಯಲ್ಲಾದರೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎಲ್ಲೂ ಏರಬೇಡಿ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಸಂಜೆ ಮತ್ತೆ ಹೊರಟರೆ ಆಯಿತು.

ಬುಧವಾರ ಬೆಲೆಂಗೆ ಕಾರವಾರದವರು ಹೇಳಿದ ದಾರಿಯೇ ಸರಿ, ವಾಪಸ್ ಮಾತ್ರ ರೈಲಿನಲ್ಲಿ ಬನ್ನಿ. ಹೋಗಿ ಬಂದ ಮೇಲೆ ಯಾವ ಏರು ಕಷ್ಟವಾಯಿತು, ಎಲ್ಲಿ ದಾರಿ ಮುಚ್ಚಿತ್ತು ಅಂತ ಇಲ್ಲೇ ಬರೆಯಿರಿ. ಅಮ್ಮನ ಜೊತೆ ಹೋಗುವವರಿಗೆ ಅದು ಬೇಕಾಗುತ್ತದೆ.